ತೆನೆ ಕೈಗೆ ಬಂದಾಗ ಮುನಿಸು ಬಿಡಿ

ಹಬ್ಬ ಬಂತೆಂದರೆ ನಮ್ಮ ಲೆಕ್ಕಾಚಾರ ಶುರುವಾಗೋದು ಅಡುಗೆಮನೆಯಿಂದ. ಎಷ್ಟು ಬಗೆ ಪಲ್ಯ, ಎಷ್ಟು ಜನಕ್ಕೆ ಎಲೆ, ಎಷ್ಟು ತೆಂಗಿನಕಾಯಿ ತುರಿಯಬೇಕು ಅಂತ. ಜೊತೆಗೆ ಇನ್ನೊಂದು ಲೆಕ್ಕವನ್ನೂ ಮನಸ್ಸಿನಲ್ಲೇ ಹಾಕಿರುತ್ತೀವಿ. ಈ ಸಲ ಯಾರು ಬರೋದಿಲ್ಲ ಅಂತ. ಅಲ್ವೇ? ಆಸ್ತಿ ಪಾಲಾದ ಮೇಲೆ ಮಾತು ಬಿಟ್ಟ ಮೈದುನ, ಮದುವೆಗೆ ಸರಿಯಾಗಿ ಕರೆಯಲಿಲ್ಲ ಅಂತ ಮುನಿಸಿಕೊಂಡ ನಾದಿನಿ... ಇಂಥ ಒಂದು ಖಾಲಿ ಎಲೆ ಬಹಳ ಮನೆಗಳಲ್ಲಿ ಇರುತ್ತೆ.

ನಾನು ಹುಟ್ಟಿ ಬೆಳೆದದ್ದು ದಕ್ಷಿಣ ಕನ್ನಡದ ಕ್ರೈಸ್ತ ಮನೆಯಲ್ಲಿ. ಸೆಪ್ಟೆಂಬರ್ 8, ಮಾತೆ ಮರಿಯಮ್ಮನವರ ಜನ್ಮದಿನ. ನಮ್ಮಲ್ಲಿ ಅದಕ್ಕೆ 'ಮೊಂತಿ ಫೆಸ್ತ್' ಅಂತಾರೆ. ಫರಂಗಿಪೇಟೆಯಲ್ಲಿ ನೇತ್ರಾವತಿ ತೀರದ ಗುಡ್ಡದ ಮೇಲಿರುವ ಮೊಂತೆ ಮರಿಯಾನೊ ಚರ್ಚಿನಿಂದ ಈ ಹೆಸರು ಬಂತು ಅನ್ನೋದು ಹಿರಿಯರ ಮಾತು. ಪೋರ್ಚುಗೀಸ್ ಭಾಷೆಯಲ್ಲಿ 'ಮೊಂತೆ' ಅಂದರೆ ಗುಡ್ಡ. ಅದು ಪೈರು ತೆನೆ ಬಿಡುವ ಕಾಲವೂ ಹೌದು. ಹಾಗಾಗಿ ಅಂದು ಚರ್ಚಿನಲ್ಲಿ ಹೊಸ ತೆನೆಯನ್ನು ಆಶೀರ್ವದಿಸಿ ಮನೆಮನೆಗೆ ಹಂಚುತ್ತಾರೆ. ಹೊಸ್ತು, ಕದಿರು ಕಟ್ಟೋದು, ಕೊಡಗಿನ ಹುತ್ತರಿ ಎಲ್ಲ ನಿಮಗೂ ಗೊತ್ತಲ್ಲ, ಇದೂ ಅದೇ ಬಳಗದ್ದು. ಅನ್ನಕ್ಕೆ ಕೈಮುಗಿಯೋದರಲ್ಲಿ ಯಾವ ಜಾತಿ, ಯಾವ ಮತ ಹೇಳಿ?

ಒಂಬತ್ತು ದಿನದ ಹೂವು

ಹಬ್ಬಕ್ಕೆ ಮೊದಲು ಒಂಬತ್ತು ದಿನ ಪ್ರಾರ್ಥನೆ. ಆ ದಿನಗಳಲ್ಲಿ ಮಕ್ಕಳು ತಟ್ಟೆ ತುಂಬ ಹೂವು ತಂದು ಮಾತೆಗೆ ಅರ್ಪಿಸುತ್ತಾರೆ. ಊರಿನಲ್ಲಾದರೆ ಬೇಲಿ, ಗದ್ದೆಯ ಬದು ಎಲ್ಲಾ ಕಡೆ ಹೂವೇ ಹೂವು. ಸಿಟಿಯಲ್ಲಿ? ಅಂಗಡಿಯಿಂದ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಸಿಕೊಂಡು ಬರೋದು ಸುಲಭ ನಿಜ. ಆದರೆ ಬಾಲ್ಕನಿಯಲ್ಲಿ ಒಂದು ದಾಸವಾಳ, ಒಂದು ನಿತ್ಯಪುಷ್ಪ, ಗ್ರಿಲ್ಲಿಗೆ ಹಬ್ಬಿಸಿದ ಒಂದು ಶಂಖಪುಷ್ಪ ಇದ್ದರೆ ಸಾಕು. ತಾನೇ ನೀರು ಹಾಕಿದ ಗಿಡದ ಎರಡು ಹೂವು ಕೀಳುವಾಗ ಮಗುವಿನ ಮುಖ ನೋಡಿ. ದೇವರಿಗೆ ಕೊಡೋದು ಅಂದರೇನು ಅಂತ ನೀವು ಬೇರೆ ಪಾಠ ಹೇಳಬೇಕಾಗಿಲ್ಲ.

ತೆನೆಯೂ ಅಷ್ಟೇ. ಬೆಂಗಳೂರು, ಮುಂಬೈನ ಎಷ್ಟೋ ಚರ್ಚುಗಳಲ್ಲೂ ಅಂದು ತೆನೆ ಸಿಗುತ್ತೆ. ಅಕ್ಕಿ ಸೂಪರ್ ಮಾರ್ಕೆಟ್ಟಿನಲ್ಲಿ ಹುಟ್ಟುತ್ತೆ ಅಂದುಕೊಂಡಿರುವ ನಮ್ಮ ಮಕ್ಕಳ ಕೈಗೆ ಒಂದು ತೆನೆ ಕೊಡಿ. ಭತ್ತದ ಕಾಳು ಎಣಿಸಲಿ, ಉಗುರಿನಿಂದ ಸಿಪ್ಪೆ ಬಿಡಿಸಲಿ. ನಾಲ್ಕು ಕಾಳು ಬಿಡಿಸುವಷ್ಟರಲ್ಲಿ ಬೆರಳು ನೋಯುತ್ತೆ. ಆ ದಿನ ತಟ್ಟೆಯಲ್ಲಿ ಅನ್ನ ಬಿಡಲ್ಲ ನೋಡಿ!

ಒಂದೇ ಪಂಕ್ತಿ

ಮೊಂತಿ ಫೆಸ್ತ್ ಊಟ ಪೂರ್ತಿ ಸಸ್ಯಾಹಾರ. ಮೀನಿಲ್ಲದೆ ಅನ್ನ ಸೇರದ ನಮ್ಮವರೂ ಅಂದು ಬಾಳೆಲೆಯಲ್ಲಿ ಮೂರೋ ಐದೋ ಏಳೋ ಬಗೆಯ ತರಕಾರಿ ಬಡಿಸಿಕೊಂಡು ಉಣ್ಣುತ್ತಾರೆ. ಕೆಸುವಿನ ದಂಟು, ಹೀರೆಕಾಯಿ, ಬೆಂಡೆ, ತೊಂಡೆಕಾಯಿ, ಎಲ್ಲ ಮಳೆಗಾಲದ ಹಿತ್ತಲ ಬೆಳೆ. ಹೊಸ ಕಾಳನ್ನು ಪುಡಿ ಮಾಡಿ ಹಾಲಿಗೋ ಪಾಯಸಕ್ಕೋ ಬೆರೆಸಿ, ಪ್ರಾರ್ಥನೆ ಮುಗಿಸಿ, ಮನೆಯ ಹಿರಿಯರು ಒಬ್ಬೊಬ್ಬರಿಗೂ ಕೊಡುತ್ತಾರೆ. ಇದಕ್ಕೆ 'ನೊವೆಂ' ಅಂತಾರೆ. ಅದನ್ನು ತಗೊಂಡ ಮೇಲೇ ಊಟ.

ಈ ಪದ್ಧತಿಯ ಗುಟ್ಟು ನನಗೆ ತಿಳಿದದ್ದು ಮದುವೆಯಾದ ಮೇಲೆ. ಮಾವ ತೀರಿಹೋದ ನಂತರ ಜಾಗದ ವಿಷಯದಲ್ಲಿ ನನ್ನ ಯಜಮಾನರಿಗೂ ಭಾವನವರಿಗೂ ಮಾತು ನಿಂತುಹೋಗಿತ್ತು. ಹಬ್ಬಕ್ಕೆ ಇಬ್ಬರೂ ಊರಿಗೆ ಬಂದಿದ್ದರು, ಅಮ್ಮನಿಗೋಸ್ಕರ. ಅತ್ತೆ ಬುದ್ಧಿವಾದ ಏನೂ ಹೇಳಲಿಲ್ಲ. "ನನ್ನ ಕೈ ನಡುಗುತ್ತೆ, ಈ ಸಲ ನೊವೆಂ ದೊಡ್ಡವನೇ ಕೊಡಲಿ" ಅಂದರು, ಅಷ್ಟೇ. ಅಣ್ಣ ಕೊಡಬೇಕು, ತಮ್ಮ ಕೈಚಾಚಬೇಕು. ಎಷ್ಟು ಹೊತ್ತು ಸುಮ್ಮನಿರಲಾದೀತು? ಜಾಗದ ವಿಷಯ ಅಂದೇ ಬಗೆಹರಿಯಲಿಲ್ಲ. ಅದಕ್ಕೆ ಇನ್ನೂ ಎರಡು ವರ್ಷ ಬೇಕಾಯಿತು. ಆದರೆ ಊಟದ ನಡುವೆ "ಅವನಿಗೆ ಸ್ವಲ್ಪ ಸಾರು ಹಾಕಿ" ಅಂದರಲ್ಲ ಭಾವ, ಆಮೇಲಿನ ಮಾತುಕತೆಗೆ ಬಾಗಿಲು ತೆರೆದದ್ದು ಅದೇ.

ಕಾಣಿಕೆ ಕೊಡಲು ಹೋದಾಗ ಸಹೋದರನಿಗೆ ನಿನ್ನ ಮೇಲೆ ಮನಸ್ತಾಪ ಇರೋದು ನೆನಪಾದರೆ, ಮೊದಲು ಹೋಗಿ ರಾಜಿಯಾಗು, ಕಾಣಿಕೆ ಆಮೇಲೆ ಅಂತಾರೆ ಯೇಸುಸ್ವಾಮಿ, ಮತ್ತಾಯನ ಸುವಾರ್ತೆಯಲ್ಲಿ. 2025ರಲ್ಲಿ ನಿಧನರಾದ ಪೋಪ್ ಫ್ರಾನ್ಸಿಸ್ ಸಂಸಾರಸ್ಥರಿಗೆ ಮತ್ತೆ ಮತ್ತೆ ಹೇಳುತ್ತಿದ್ದದ್ದು ಮೂರೇ ಮಾತು: ದಯವಿಟ್ಟು, ಧನ್ಯವಾದ, ಕ್ಷಮಿಸು. ಪ್ರಕೃತಿಯ ಬಗ್ಗೆ 2015ರಲ್ಲಿ ಬರೆದ 'ಲಾವ್ದಾತೊ ಸಿ' ಪತ್ರದಲ್ಲಿ, ಊಟಕ್ಕೆ ಮೊದಲೂ ನಂತರವೂ ಒಂದು ಕ್ಷಣ ನಿಂತು ಕೃತಜ್ಞತೆ ಹೇಳುವ ಅಭ್ಯಾಸಕ್ಕೆ ಮರಳಿ ಎಂದಿದ್ದರು. ಎಷ್ಟು ಸಣ್ಣ ಕೆಲಸ! ಮಾಡಿ ನೋಡಿ, ಟಿ.ವಿ. ಆರಿಸುವುದೇ ಕಷ್ಟ.

ನೀವು ಮಾಡಬಹುದಾದದ್ದು

* ನಿಮ್ಮ ಮನೆಯ ಹಬ್ಬ ಯಾವುದೇ ಇರಲಿ, ಮುನಿಸಿಕೊಂಡವರಿಗೆ ನೀವೇ ಫೋನ್ ಮಾಡಿ. ಹಳೇ ಕಥೆ ತೆಗೆಯಬೇಡಿ. "ಊಟಕ್ಕೆ ಬನ್ನಿ" ಅಂದರೆ ಸಾಕು.
* ಬಂದವರನ್ನು ಪಂಚಾಯಿತಿಗೆ ಕೂರಿಸಬೇಡಿ. ಬಡಿಸುವ ಕೆಲಸ ಕೊಡಿ. ಕೈಗೆ ಕೆಲಸವಿದ್ದರೆ ಬಿಗುಮಾನ ಕಮ್ಮಿಯಾಗುತ್ತೆ.
* ದೂರದ ದೇಶದಲ್ಲಿರುವವರಿಗೆ ಪ್ರಾರ್ಥನೆಯ ಹೊತ್ತಿಗೇ ವಿಡಿಯೋ ಕಾಲ್ ಮಾಡಿ, ಊಟ ಮುಗಿದ ಮೇಲಲ್ಲ.
* ಅಪಾರ್ಟ್‌ಮೆಂಟಿನಲ್ಲಿ ಒಬ್ಬರೇ ಇರುವ ಅಜ್ಜಿಗೆ ಡಬ್ಬಿ ಕಳಿಸುವ ಬದಲು ನಿಮ್ಮ ಪಂಕ್ತಿಯಲ್ಲೇ ಒಂದು ಎಲೆ ಹಾಕಿ.
* ಕರೆದರೂ ಬರಲಿಲ್ಲವೇ? ಬೇಸರ ಬೇಡ. ಅವರ ಪಾಲಿನ ಪಾಯಸ ತೆಗೆದಿಟ್ಟು ಸಂಜೆ ಮಕ್ಕಳ ಕೈಲಿ ಕಳಿಸಿ. ಮಕ್ಕಳನ್ನು ಬಾಗಿಲಲ್ಲೇ ನಿಲ್ಲಿಸಿ ಕಳಿಸುವ ಮನಸ್ಸು ಬಹಳ ಜನಕ್ಕೆ ಬರೋದಿಲ್ಲ.