ಇಪ್ಪತ್ತೇಳು ತಿಂಗಳ ಮಾತುಕತೆ: ಮೊಜಾಂಬಿಕ್‌ನಲ್ಲಿ ಯುದ್ಧ ನಿಂತ ಬಗೆ

1990ರ ಜುಲೈ 8ರಂದು ರೋಮ್ ನಗರದ ಹಳೆಯ ಕ್ರೈಸ್ತ ಮಠವೊಂದರಲ್ಲಿ ಒಂದೇ ದೇಶದ ಎರಡು ನಿಯೋಗಗಳು ಎದುರುಬದುರಾಗಿ ಕುಳಿತವು. ಒಂದು ಮೊಜಾಂಬಿಕ್ ಸರಕಾರದ್ದು. ಇನ್ನೊಂದು, ಅದರ ವಿರುದ್ಧ ಹದಿಮೂರು ವರ್ಷಗಳಿಂದ ಶಸ್ತ್ರ ಹಿಡಿದಿದ್ದ ರೆನಾಮೊ ಸಂಘಟನೆಯದು. ರೆನಾಮೊದವರನ್ನು ಸರಕಾರ ಅದುವರೆಗೆ ‘ಸಶಸ್ತ್ರ ದರೋಡೆಕೋರರು’ ಎಂದೇ ಕರೆಯುತ್ತಿತ್ತು. ಮೂರು ದಿನಗಳ ಬಳಿಕ ಹೊರಬಂದ ಜಂಟಿ ಹೇಳಿಕೆಯಲ್ಲಿ ಕದನವಿರಾಮದ ಮಾತಿರಲಿಲ್ಲ. ತಾವೆಲ್ಲರೂ ಒಂದೇ ಮೊಜಾಂಬಿಕ್ ಕುಟುಂಬಕ್ಕೆ ಸೇರಿದವರೆಂದು ಮಾತ್ರ ಉಭಯಪಕ್ಷಗಳೂ ಒಪ್ಪಿದ್ದವು. ಮೇಲುನೋಟಕ್ಕೆ ಅಲ್ಪವೆಂದು ತೋರಿದ ಈ ಒಪ್ಪಿಗೆಯೇ ಮುಂದಿನ ಶಾಂತಿಗೆ ಅಡಿಪಾಯವಾಯಿತು.

ಯುದ್ಧದ ಬೇರು

ಆಫ್ರಿಕಾದ ಆಗ್ನೇಯ ಕರಾವಳಿಯ ಮೊಜಾಂಬಿಕ್ ನಮಗೆ ತೀರ ಅಪರಿಚಿತ ನಾಡೇನೂ ಅಲ್ಲ. ಪೋರ್ಚುಗೀಸರ ಕಾಲದಲ್ಲಿ 1752ರವರೆಗೆ ಅದರ ಆಡಳಿತ ನಡೆಯುತ್ತಿದ್ದುದು ಗೋವೆಯಿಂದ. 1975ರ ಜೂನ್ 25ರಂದು ಅದು ಸ್ವತಂತ್ರವಾಯಿತು. ಫ್ರೆಲಿಮೊ ಪಕ್ಷ ಅಧಿಕಾರ ವಹಿಸಿಕೊಂಡಿತು. ನೆರೆಯ ರೊಡೇಶಿಯದ ಬಿಳಿಯರ ಸರಕಾರದ ವಿರುದ್ಧ ಹೋರಾಡುತ್ತಿದ್ದವರಿಗೆ ಹೊಸ ಸರಕಾರ ಆಶ್ರಯ ನೀಡಿತು. ಇದಕ್ಕೆ ಪ್ರತಿಯಾಗಿ ರೊಡೇಶಿಯದ ಗುಪ್ತಚರ ವಿಭಾಗ ರೆನಾಮೊವನ್ನು ಬೆಳೆಸಿತು. 1980ರಲ್ಲಿ ರೊಡೇಶಿಯ ಜಿಂಬಾಬ್ವೆಯಾದ ಮೇಲೆ ಆ ಪೋಷಣೆಯ ಹೊಣೆ ವರ್ಣಭೇದ ನೀತಿಯ ದಕ್ಷಿಣ ಆಫ್ರಿಕಾದ ಪಾಲಾಯಿತು. ಆದರೆ ಹೊರಗಿನವರು ಹಚ್ಚಿದ ಬೆಂಕಿಗೆ ಒಳಗೂ ಸೌದೆಯಿತ್ತು. ಹಳ್ಳಿಗರನ್ನು ಬಲವಂತವಾಗಿ ಸ್ಥಳಾಂತರಿಸಿದ್ದು, ಗ್ರಾಮದ ಹಿರಿಯರನ್ನೂ ಧಾರ್ಮಿಕ ಸಂಸ್ಥೆಗಳನ್ನೂ ಬದಿಗೊತ್ತಿದ್ದು ಜನರಲ್ಲಿ ಅಸಮಾಧಾನ ಹುಟ್ಟಿಸಿದ್ದವು.

ಹದಿನಾರು ವರ್ಷಗಳ ಆ ಯುದ್ಧದಲ್ಲಿ ಹಸಿವು ಮತ್ತು ರೋಗಗಳೂ ಸೇರಿ ಸುಮಾರು ಹತ್ತು ಲಕ್ಷ ಜನ ಸತ್ತರೆಂಬ ಅಂದಾಜಿದೆ. ಹದಿನೇಳು ಲಕ್ಷ ಜನ ನೆರೆದೇಶಗಳಿಗೆ ಓಡಿದರು. ಅವರಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಮಂದಿಗೆ ಆಶ್ರಯವಿತ್ತದ್ದು ತಾನೇ ಬಡದೇಶವಾದ ಮಲಾವಿ. ರೆನಾಮೊ ಪಡೆಗಳು ಶಾಲೆ, ಆಸ್ಪತ್ರೆಗಳನ್ನೇ ಗುರಿಯಾಗಿಸಿದವು. ಸಾವಿರಾರು ಶಾಲೆಗಳು ಮುಚ್ಚಿದವು. ಪುಸ್ತಕ ಹಿಡಿಯಬೇಕಾದ ಮಕ್ಕಳ ಕೈಗೆ ಬಂದೂಕು ಬಂತು.

ಮೊದಲು ಸೋತ ಯತ್ನಗಳು

1984ರ ಮಾರ್ಚ್‌ನಲ್ಲಿ ಅಧ್ಯಕ್ಷ ಸಮೋರಾ ಮಾಶೆಲ್ ದಕ್ಷಿಣ ಆಫ್ರಿಕಾದೊಡನೆ ಎನ್‌ಕೊಮಾಟಿ ಒಪ್ಪಂದ ಮಾಡಿಕೊಂಡರು. ಪರಸ್ಪರರ ಶತ್ರುಗಳಿಗೆ ನೆರವು ನೀಡಬಾರದೆಂಬುದು ಅದರ ಕರಾರು. ಸಹಿಯ ಶಾಯಿ ಒಣಗಿದ ಮೇಲೂ ರೆನಾಮೊಗೆ ಶಸ್ತ್ರ ಹೋಗುತ್ತಲೇ ಇತ್ತು. ಬಳಿಕ ಕೀನ್ಯ ಮತ್ತು ಜಿಂಬಾಬ್ವೆಗಳು ಮಧ್ಯಸ್ಥಿಕೆಗೆ ಮುಂದಾದವಾದರೂ ಒಂದನ್ನು ಸರಕಾರ ನಂಬಲಿಲ್ಲ. ಇನ್ನೊಂದನ್ನು ರೆನಾಮೊ ನಂಬಲಿಲ್ಲ. ಜಿಂಬಾಬ್ವೆಯ ಸೈನ್ಯ ಸರಕಾರದ ಪರವಾಗಿ ಮೊಜಾಂಬಿಕ್‌ನಲ್ಲಿಯೇ ಇತ್ತು.

ಕೊನೆಗೆ ನೆರವಿಗೆ ಬಂದದ್ದು ಸೈನ್ಯವೂ ಖಜಾನೆಯೂ ಇಲ್ಲದ ಸಂತ್ ಎಜಿದಿಯೊ ಎಂಬ ರೋಮಿನ ಕ್ಯಾಥೊಲಿಕ್ ಸೇವಾಸಮುದಾಯ. ಅದರ ಆಂದ್ರೆಯಾ ರಿಕ್ಕಾರ್ಡಿ, ಮತ್ತೆಯೊ ಜುಪ್ಪಿ, ಇಟಲಿಯ ರಾಜಕಾರಣಿ ಮಾರಿಯೊ ರಾಫಾಯೆಲ್ಲಿ ಹಾಗೂ ಮೊಜಾಂಬಿಕ್‌ನ ಬೈರಾ ನಗರದ ಆರ್ಚ್‌ಬಿಷಪ್ ಜೈಮೆ ಗೊನ್ಸಾಲ್ವೆಸ್ ಮಧ್ಯಸ್ಥರಾದರು. ಮಾತುಕತೆಗೂ ಮುನ್ನವೇ ಗೊನ್ಸಾಲ್ವೆಸ್ ರೆನಾಮೊ ನಾಯಕ ಅಫೊನ್ಸೊ ಡ್ಲಾಕಾಮಾ ಅವರನ್ನು ಕಾಡಿನ ನೆಲೆಯಲ್ಲಿ ಕಂಡು ಬಂದಿದ್ದರು. ಇಬ್ಬರೂ ಎನ್‌ಡೌ ಭಾಷಿಕರು. ರಾಜ್ಯಭಾಷೆ ಪೋರ್ಚುಗೀಸ್ ಆಗಿದ್ದ ದೇಶದಲ್ಲಿ ಒಂದೇ ಮನೆಮಾತಿನ ಈ ನಂಟಿಗೆ ಬೆಲೆಯಿತ್ತು. ಕಾಡಿನಲ್ಲಿ ಕಾಲ ಕಳೆದ ಸಂಶಯಗ್ರಸ್ತ ನಾಯಕನೊಬ್ಬನಿಗೆ ಷರತ್ತಿಗಿಂತ ಮೊದಲು ಬೇಕಾಗಿದ್ದುದು ತನ್ನ ಮಾತನ್ನು ಕೇಳುವವರು. ಮನೆಮಾತಿನ ಬೆಲೆಯನ್ನು ಗಡಿನಾಡಿನ ನಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಅನ್ನಕ್ಕೆ ದಾರಿ

ಮಾತುಕತೆ ಹನ್ನೊಂದು ಸುತ್ತು ನಡೆಯಿತು. 1990ರ ಡಿಸೆಂಬರ್‌ನಲ್ಲಿ ಮೊದಲ ಕಿರು ಒಪ್ಪಂದ ಮೂಡಿತು. ಜಿಂಬಾಬ್ವೆಯ ಸೈನಿಕರು ಬೈರಾ ಮತ್ತು ಲಿಂಪೊಪೊ ರೈಲುಮಾರ್ಗಗಳ ಪಟ್ಟಿಯೊಳಗೆ ಮಾತ್ರ ಇರಬೇಕು. ರೆನಾಮೊ ಆ ಮಾರ್ಗಗಳ ಮೇಲೆ ದಾಳಿ ಮಾಡಬಾರದು. ಅದರ ಉಲ್ಲಂಘನೆಗಳಾದವು, ಬೈಠಕ್‌ಗಳು ಮುಂದೂಡಲ್ಪಟ್ಟವು. ಆದರೂ ಮಾತು ಮುರಿದುಬೀಳಲಿಲ್ಲ.

ಅಷ್ಟರಲ್ಲಿ ದಕ್ಷಿಣ ಆಫ್ರಿಕಾ ಪ್ರದೇಶವನ್ನು 1992ರ ಭೀಕರ ಬರ ಆವರಿಸಿತು. ಕಾಡಿನ ಪಡೆಗಳಿಗೂ ಕಾಳು ಸಿಗದಾಯಿತು. ಶೀತಲ ಸಮರ ಮುಗಿದುದರಿಂದ ಎರಡೂ ಪಕ್ಷಗಳ ಹೊರಗಿನ ಆಸರೆ ಸಡಿಲಗೊಂಡಿತ್ತು. ಜುಲೈ 16ರಂದು ಹಸಿದವರಿಗೆ ಆಹಾರ ಸಾಗಿಸಲು ಅಡ್ಡಿಪಡಿಸುವುದಿಲ್ಲವೆಂದು ಉಭಯಪಕ್ಷಗಳೂ ಘೋಷಿಸಿದವು. ಅಕ್ಟೋಬರ್ 4ರಂದು ರೋಮಿನಲ್ಲಿ ಅಧ್ಯಕ್ಷ ಜೋಕಿಮ್ ಚಿಸ್ಸಾನೊ ಮತ್ತು ಡ್ಲಾಕಾಮಾ ಸಮಗ್ರ ಶಾಂತಿ ಒಪ್ಪಂದಕ್ಕೆ ಸಹಿ ಹಾಕಿದರು.

ಸಹಿಯ ನಂತರದ ಕೆಲಸ

ಅದೇ ಶರತ್ಕಾಲದಲ್ಲಿ ಅಂಗೋಲಾ ದೇಶ ಎಚ್ಚರಿಕೆಯ ಪಾಠವಾಯಿತು. ಅಲ್ಲಿ ಪಡೆಗಳು ಪೂರ್ತಿ ವಿಸರ್ಜನೆಯಾಗುವ ಮೊದಲೇ ಚುನಾವಣೆ ನಡೆಯಿತು. ಸೋತವರು ಫಲಿತಾಂಶವನ್ನು ಒಪ್ಪದೆ ಮತ್ತೆ ಯುದ್ಧಕ್ಕಿಳಿದರು. ಅದು 2002ರವರೆಗೂ ಉರಿಯಿತು. ಮೊಜಾಂಬಿಕ್‌ನಲ್ಲಿ ವಿಶ್ವಸಂಸ್ಥೆ ಈ ತಪ್ಪು ಮಾಡಲಿಲ್ಲ. ಇಟಲಿಯ ಆಲ್ಡೊ ಅಯೆಲ್ಲೊ ನೇತೃತ್ವದ ಶಾಂತಿಪಾಲನಾ ಕಾರ್ಯಾಚರಣೆಯಲ್ಲಿ ಭಾರತದ ಸೈನಿಕರೂ ಇದ್ದರು. ಉಭಯ ಕಡೆಯ ಯೋಧರನ್ನು 49 ಶಿಬಿರಗಳಲ್ಲಿ ಸೇರಿಸಿ, ಆಯುಧ ಪಡೆದು, 75,000ಕ್ಕೂ ಹೆಚ್ಚು ಮಂದಿಯನ್ನು ಊರಿಗೆ ಕಳುಹಿಸಲಾಯಿತು. ಹಳೆಯ ಬದುಕಿಗೆ ಮರಳುವವರೆಗೆ ಅವರಿಗೆ ಎರಡು ವರ್ಷಗಳ ಭತ್ಯೆಯೂ ದೊರೆಯಿತು. ರೆನಾಮೊ ರಾಜಕೀಯ ಪಕ್ಷವಾಗಿ ರೂಪುಗೊಳ್ಳಲು ಇಟಲಿ ಮೊದಲಾದ ದೇಶಗಳು ಹಣ ಒದಗಿಸಿದವು. ಬಂದೂಕು ಕೆಳಗಿಟ್ಟವನಿಗೆ ಕುಳಿತುಕೊಳ್ಳಲು ಒಂದು ಆಸನ ಬೇಕಾಗುತ್ತದೆ ಎಂಬ ವಿವೇಕ ಅದರಲ್ಲಿತ್ತು.

1994ರ ಅಕ್ಟೋಬರ್ ಚುನಾವಣೆಯಲ್ಲಿ ಚಿಸ್ಸಾನೊ ಸುಮಾರು ಶೇ. 53, ಡ್ಲಾಕಾಮಾ ಶೇ. 34 ಮತ ಪಡೆದರು. 250 ಸ್ಥಾನಗಳ ಸಂಸತ್ತಿನಲ್ಲಿ ರೆನಾಮೊ 112 ಸ್ಥಾನ ಗಳಿಸಿ ವಿರೋಧಪಕ್ಷವಾಗಿ ಕುಳಿತಿತು. ನಿರಾಶ್ರಿತರು ಮಲಾವಿಯಿಂದ ಮರಳಿ ಬಂದು ಹೊಲ ಉತ್ತರು. ನೆಲಬಾಂಬುಗಳನ್ನು ತೆಗೆಯುವ ಕೆಲಸ ಮಾತ್ರ ಇನ್ನೂ ಎರಡು ದಶಕ ನಡೆಯಿತು. ವಾಸನೆಯಿಂದ ಬಾಂಬು ಪತ್ತೆಹಚ್ಚಲು ತರಬೇತಿ ಪಡೆದ ದೊಡ್ಡ ಇಲಿಗಳೂ ಅದರಲ್ಲಿ ಪಾಲ್ಗೊಂಡವು. 2015ರಲ್ಲಿ ದೇಶವನ್ನು ನೆಲಬಾಂಬುಮುಕ್ತವೆಂದು ಘೋಷಿಸಲಾಯಿತು.

ಆ ಶಾಂತಿ ನಿಷ್ಕಳಂಕವಾಗಿರಲಿಲ್ಲ. ಯುದ್ಧಕಾಲದ ಅಪರಾಧಗಳಿಗೆ ಕ್ಷಮಾದಾನ ನೀಡಲಾಯಿತು. ಮನೆಮಂದಿಯನ್ನು ಕಳೆದುಕೊಂಡವರಿಗೆ ನ್ಯಾಯಾಲಯದ ತೀರ್ಪು ದೊರೆಯಲೇ ಇಲ್ಲ. ರೆನಾಮೊ ಕೆಲವು ಶಸ್ತ್ರಧಾರಿಗಳನ್ನು ಉಳಿಸಿಕೊಂಡಿತ್ತು. 2013ರಲ್ಲಿ ಮತ್ತೆ ಗುಂಡಿನ ಸದ್ದು ಕೇಳಿತು; 2019ರ ಆಗಸ್ಟ್‌ನಲ್ಲಿ ಇನ್ನೊಂದು ಒಪ್ಪಂದ ಬೇಕಾಯಿತು. ರೆನಾಮೊದ ಕೊನೆಯ ಸೇನಾನೆಲೆ ಮುಚ್ಚಿದ್ದು 2023ರಲ್ಲಿ.

ಹಾಗಿದ್ದರೂ 1992ರ ಆ ಸಹಿಯ ಬಳಿಕ ಎರಡು ದಶಕ ದೇಶ ಅಂತರ್ಯುದ್ಧಕ್ಕೆ ಮರಳಲಿಲ್ಲ. ಆ ಅವಧಿಯಲ್ಲಿ ಹುಟ್ಟಿದ ಒಂದು ಪೀಳಿಗೆ ಬಂದೂಕು ಹೊರದೆ ಬೆಳೆದು ಶಾಲೆ ಮುಗಿಸಿತು. ಇಂದು ಸುಡಾನ್‌ನಂತಹ ದೇಶಗಳ ಮಾತುಕತೆ ಮುರಿದ ಸುದ್ದಿ ಓದಿ ಬೇಸರಗೊಳ್ಳುವ ನಾವು ಇದನ್ನು ನೆನಪಿಡಬೇಕು. ಮೊಜಾಂಬಿಕ್‌ನಲ್ಲಿಯೂ ಮಾತು ಹಲವು ಬಾರಿ ನಿಂತಿತ್ತು. ಪ್ರತಿ ಸಲವೂ ಅದನ್ನು ಮತ್ತೆ ಆರಂಭಿಸುವ ತಾಳ್ಮೆಯವರು ಅಲ್ಲಿದ್ದರು.