ಗಡ್ಡೆ ಒಂದು, ಮುಖ ಎರಡು: ಯಕೃತ್ತಿನ ಮಿಶ್ರ ಕ್ಯಾನ್ಸರ್

ಲಿವರ್ ಎಂದೇ ಬಳಕೆಯಲ್ಲಿರುವ ಯಕೃತ್ತಿಗೆ ವ್ಯಾಧಿ ತಗುಲಿತೆಂದರೆ "ಆತ ಕುಡಿಯುತ್ತಿದ್ದನೇ?" ಎಂಬ ಪ್ರಶ್ನೆಯೇ ನಮ್ಮ ಊರುಗಳಲ್ಲಿ ಮೊದಲು ಏಳುತ್ತದೆ. ಮದ್ಯಮಾಂಸಗಳನ್ನು ಮುಟ್ಟದ ಭಕ್ತರ ಮನೆಯಲ್ಲಿ ಈ ರೋಗ ಕಾಣಿಸಿಕೊಂಡಾಗ ದುಃಖದೊಡನೆ ಲಜ್ಜೆಯೂ ಸೇರಿ, ಮನೆಯವರು ಸಂಗತಿಯನ್ನೇ ಮುಚ್ಚಿಡುವುದುಂಟು. ಮದ್ಯವು ಯಕೃತ್ತಿನ ಶತ್ರುವೆಂಬುದು ನಿಜ. ಆದರೆ ಅದೊಂದೇ ಶತ್ರುವಲ್ಲ.

ಯಕೃತ್ತಿನಲ್ಲಿಯೇ ಹುಟ್ಟುವ ಕ್ಯಾನ್ಸರುಗಳಲ್ಲಿ ಮುಖ್ಯವಾದವು ಎರಡು. ಒಂದು ಯಕೃತ್ತಿನ ಜೀವಕೋಶಗಳಿಂದ, ಇನ್ನೊಂದು ಪಿತ್ತನಾಳಗಳ ಒಳಪದರದಿಂದ ಹುಟ್ಟುತ್ತದೆ. ಅಪರೂಪಕ್ಕೆ, ನೂರು ರೋಗಿಗಳಲ್ಲಿ ಕೆಲವೇ ಮಂದಿಗೆ, ಒಂದೇ ಗಡ್ಡೆಯಲ್ಲಿ ಈ ಎರಡೂ ಬಗೆಯ ಕೋಶಗಳು ಕಾಣುತ್ತವೆ. 1949ರಲ್ಲಿ ಆಲೆನ್ ಮತ್ತು ಲೀಸಾ ಎಂಬ ವೈದ್ಯರು ಇದನ್ನು ಮೂರು ಬಗೆಯಾಗಿ ವಿಂಗಡಿಸಿದ್ದರು. ವಿಶ್ವ ಆರೋಗ್ಯ ಸಂಸ್ಥೆಯ 2019ರ ವರ್ಗೀಕರಣವಾದರೋ, ಒಂದೇ ಗಡ್ಡೆಯೊಳಗೆ ಎರಡೂ ಅಂಶಗಳಿದ್ದರೆ ಮಾತ್ರ ಅದನ್ನು ಮಿಶ್ರ ಕ್ಯಾನ್ಸರ್ ಎಂದು ಕರೆಯುತ್ತದೆ.

ಇದರ ಮೂಲವೆಲ್ಲಿ? ಯಕೃತ್ತಿನ ಕೋಶಗಳೂ ಪಿತ್ತನಾಳಗಳೂ ಸಂಧಿಸುವೆಡೆಯಲ್ಲಿ ಹೆರಿಂಗ್ ಕಾಲುವೆಗಳೆಂಬ ಅತಿಸೂಕ್ಷ್ಮ ನಾಳಗಳಿವೆ. ಎರಡೂ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಮೂಲಕೋಶಗಳು ಅಲ್ಲಿ ನೆಲೆಸಿದ್ದು, ಅವು ಹದ ತಪ್ಪಿದಾಗ ಎರಡು ಮುಖದ ಗಡ್ಡೆ ಹುಟ್ಟುತ್ತದೆಂಬುದು ಒಂದು ವಾದ. ಬಲಿತ ಯಕೃತ್ ಕೋಶವೇ ರೂಪ ಬದಲಿಸುತ್ತದೆಂಬುದು ಮತ್ತೊಂದು. ಅನೇಕ ಗಡ್ಡೆಗಳಲ್ಲಿ ಎರಡೂ ಭಾಗಗಳು ಒಂದೇ ವಂಶವಾಹಿ ದೋಷಗಳನ್ನು ಹಂಚಿಕೊಂಡಿರುವುದರಿಂದ ಬೇರು ಒಂದೇ ಎಂದು ಭಾವಿಸಲಾಗಿದೆ. ನೆಲ ಹದಗೊಳಿಸುವ ಕಾರಣಗಳು ಮಾತ್ರ ಪರಿಚಿತವೇ: ಹೆಪಟೈಟಿಸ್ ಬಿ ಮತ್ತು ಸಿ ಸೋಂಕು, ಮದ್ಯ, ಮಧುಮೇಹ ಹಾಗೂ ಬೊಜ್ಜಿನೊಡನೆ ಬರುವ ಯಕೃತ್ತಿನ ಕೊಬ್ಬು, ಇವೆಲ್ಲದರ ಫಲವಾದ ಸಿರೋಸಿಸ್. ಹೆಪಟೈಟಿಸ್ ಬಿ ಹೆರಿಗೆಯ ವೇಳೆ ತಾಯಿಯಿಂದ ಮಗುವಿಗೆ ದಾಟಿ ದಶಕಗಳ ಕಾಲ ಸದ್ದಿಲ್ಲದೆ ಇರಬಲ್ಲುದು.

ಪತ್ತೆಯೂ ಸುಲಭವಲ್ಲ. ಸೂಜಿಯಿಂದ ತೆಗೆದ ಚೂರಿನಲ್ಲಿ ಒಂದೇ ಮುಖ ಸಿಕ್ಕರೆ ವರದಿಯೂ ಅದನ್ನೇ ಹೇಳುತ್ತದೆ. ಶಸ್ತ್ರಚಿಕಿತ್ಸೆಯ ನಂತರ ಇನ್ನೊಂದು ಮುಖ ಬಯಲಾಗಬಹುದು. ವರದಿ ಬದಲಾದೊಡನೆ ವೈದ್ಯರು ತಪ್ಪಿದರೆಂದು ಆಸ್ಪತ್ರೆ ಬದಲಿಸಲು ಹೊರಡುವವರು ಇದನ್ನು ನೆನಪಿಡಬೇಕು. ರಕ್ತದಲ್ಲಿ ಆಲ್ಫಾ ಫೀಟೊಪ್ರೋಟೀನ್ ಮತ್ತು ಸಿಎ 19-9 ಎರಡೂ ಏರಿದ್ದರೆ ಸಂಶಯಕ್ಕೆ ಆಸ್ಪದವುಂಟು.

ಮುನ್ನೋಟವನ್ನು ಮರೆಮಾಚುವುದು ಸರಿಯಲ್ಲ. ಬೇಗ ಕಂಡ ಗಡ್ಡೆಯನ್ನು ಪೂರ್ತಿಯಾಗಿ ಕತ್ತರಿಸಿ ತೆಗೆಯುವುದೇ ಗುಣದ ಮುಖ್ಯ ದಾರಿ. ಆ ಬಳಿಕವೂ ರೋಗ ಮರುಕಳಿಸುವುದು ಹೆಚ್ಚು. ಸಾಮಾನ್ಯ ಯಕೃತ್ ಕ್ಯಾನ್ಸರಿಗಿಂತ ಇದು ಕಠಿಣ. ರೋಗ ಅಪರೂಪವಾದ್ದರಿಂದ ಇದಕ್ಕೆಂದೇ ನಿಗದಿಯಾದ ಔಷಧಕ್ರಮವೂ ಇನ್ನೂ ನೆಲೆಗೊಂಡಿಲ್ಲ.

ಆದ್ದರಿಂದ ಕಾಲವೇ ಇಲ್ಲಿ ದೊಡ್ಡದು. ಕೊಡಗಿನಲ್ಲಿ ಮಳೆ ಕಳೆಯಲಿ, ಕಾಫಿ ಕೊಯ್ಲು ಮುಗಿಯಲಿ ಎಂದು ಆಸ್ಪತ್ರೆಯ ದಾರಿಯನ್ನು ಮುಂದೂಡುವುದು ವಾಡಿಕೆ. ಕಾಮಾಲೆ ಕಂಡರೆ ನೆಲನೆಲ್ಲಿಯ ಮದ್ದು ಸಾಕೆಂಬ ನಂಬಿಕೆಯೂ ಇದೆ. ಹೆಪಟೈಟಿಸ್ ಎ ಯಂಥ ಕಾಮಾಲೆ ಬಹುಪಾಲು ತಾನಾಗಿಯೇ ಇಳಿಯುವುದರಿಂದ ಆ ಕೀರ್ತಿ ಮದ್ದಿಗೆ ಸಂದಿದೆ. ಗಡ್ಡೆಯಿಂದ ಬಂದ ಕಾಮಾಲೆ ಹಾಗೆ ಇಳಿಯದು. ಹೆಪಟೈಟಿಸ್ ಬಿ ಅಥವಾ ಸಿರೋಸಿಸ್ ಇರುವವರು ವೈದ್ಯರ ಸಲಹೆಯಂತೆ ಆರು ತಿಂಗಳಿಗೊಮ್ಮೆ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿಕೊಳ್ಳಬೇಕು. ಮಡಿಕೇರಿಯಲ್ಲಿ ವೈದ್ಯಕೀಯ ವಿಜ್ಞಾನ ಸಂಸ್ಥೆಯಿದೆ; ಕ್ಯಾನ್ಸರಿನ ಚಿಕಿತ್ಸೆಗೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಿದೆ. 2018ರಲ್ಲಿ ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಸೋಂಕಿನ ಪರೀಕ್ಷೆಯೂ ಔಷಧಿಯೂ ಉಚಿತ. ನವಜಾತ ಶಿಶುವಿಗೆ ಹೆಪಟೈಟಿಸ್ ಬಿ ಲಸಿಕೆಯನ್ನು 24 ಗಂಟೆಗಳೊಳಗೆ ಹಾಕಿಸಬೇಕು.

ಮನೆಯಲ್ಲೊಬ್ಬರಿಗೆ ಹೆಪಟೈಟಿಸ್ ಬಿ ಇದೆಯೆಂದು ತಿಳಿದರೆ ಉಳಿದವರೂ ರಕ್ತಪರೀಕ್ಷೆ ಮಾಡಿಸಿ, ಸೋಂಕಿಲ್ಲದವರು ಲಸಿಕೆ ಪಡೆಯಬೇಕು. ಅವರ ತಟ್ಟೆ ಲೋಟಗಳನ್ನು ಬೇರ್ಪಡಿಸಬೇಕಾಗಿಲ್ಲ. ಜೊತೆಗೆ ಕುಳಿತು ಉಣ್ಣುವುದರಿಂದ ಈ ಸೋಂಕು ಹರಡದು. ದಾಸೋಹದ ಪಂಕ್ತಿಯಲ್ಲಿ ಅವರು ಎಂದಿನಂತೆ ಎಲ್ಲರೊಡನೆ ಕುಳಿತುಕೊಳ್ಳಬಹುದು.