ಕುದುರೆ ಲಾರಿಯ ತೂಕ: ಕಣ್ಣಿಗೆ ಕಾಣದ ಲೆಕ್ಕ

ಕೆಂಗೇರಿಯ ಬಳಿ ಮೈಸೂರು ರಸ್ತೆಯಲ್ಲಿ ಹೋಗುವ ಚಿಕ್ಕ ಲಾರಿಯೊಂದರಿಂದ ಕುದುರೆ ಕಿವಿ ನಿಮಿರಿಸಿ ಇಣುಕುವುದನ್ನು ನೀವು ಕಂಡಿರಬಹುದು. ಬೆಂಗಳೂರು, ಮೈಸೂರು ಕುದುರೆ ಪಂದ್ಯಗಳ ಊರುಗಳು. ಕುಣಿಗಲ್ ಕುದುರೆ ಸಾಕಣೆಗೆ ಹೆಸರಾದ ಊರು. ಹಾಗಾಗಿ ನಗರದ ಪಶ್ಚಿಮದ ರಸ್ತೆಗಳಿಗೆ ಈ ಪ್ರಯಾಣಿಕರು ಹೊಸಬರಲ್ಲ. ಲಾರಿಯಲ್ಲಿರುವುದು ಎರಡೇ ಕುದುರೆ, ಮೇಲೆಲ್ಲ ಖಾಲಿ ಜಾಗ. ಇದು ಓವರ್‌ಲೋಡ್ ಆಗಲು ಸಾಧ್ಯವೇ? ಬನ್ನಿ, ಲೆಕ್ಕ ಹಾಕಿ ನೋಡೋಣ.

ವಾಹನದ ಆರ್.ಸಿ.ಯಲ್ಲಿ ಎರಡು ತೂಕಗಳಿರುತ್ತವೆ. ಒಂದು, ಖಾಲಿ ವಾಹನದ ತೂಕ. ಇನ್ನೊಂದು, ಹೊರೆಯೂ ಸೇರಿ ಇರಬಹುದಾದ ಗರಿಷ್ಠ ಒಟ್ಟು ತೂಕ. ಇವೆರಡರ ವ್ಯತ್ಯಾಸವೇ ನೀವು ಹೇರಬಹುದಾದ ಹೊರೆ. ಉದಾಹರಣೆಗೆ, ಒಟ್ಟು ತೂಕ 3,500 ಕೆ.ಜಿ., ಖಾಲಿ ತೂಕ 1,900 ಕೆ.ಜಿ. ಎಂದಿಟ್ಟುಕೊಳ್ಳಿ. ಹೊರೆಗೆ ಉಳಿದದ್ದು 1,600 ಕೆ.ಜಿ. ಆದರೆ ಕುದುರೆಗಾಗಿ ಗಟ್ಟಿ ನೆಲ, ಅಡ್ಡಗೋಡೆ, ಚಾವಣಿ, ಹತ್ತಿಸುವ ಹಲಗೆ ಕೂಡಿಸಿದಾಗ 600 ಕೆ.ಜಿ. ಅದಕ್ಕೇ ಹೋಯಿತು. ಉಳಿದದ್ದು 1,000. ಪಂದ್ಯದ ಕುದುರೆಯೊಂದು ಸುಮಾರು 500 ಕೆ.ಜಿ. ತೂಗುತ್ತದೆ. ಎರಡು ಹತ್ತಿದರೆ ಲೆಕ್ಕ ಮುಗಿಯಿತು. ಕುದುರೆಯಾಳು, ಹುಲ್ಲು, ನೀರು ಸೇರಿದರೆ ಮಿತಿ ದಾಟಿತು!

ಜಾಗಕ್ಕೂ ನಿಯಮವಿದೆ. 2016ರಿಂದ ಜಾರಿಯಲ್ಲಿರುವ ಕೇಂದ್ರ ಮೋಟಾರು ವಾಹನ ನಿಯಮದ ಪ್ರಕಾರ ಒಂದು ಕುದುರೆಗೆ 2.25 ಚದರ ಮೀಟರ್ ಜಾಗ, ನಡುವೆ ಕಾಯಂ ಅಡ್ಡಗೋಡೆ ಬೇಕು. ಪ್ರಾಣಿ ಸಾಗಿಸಲೆಂದು ಮಾಡಿದ ವಾಹನದಲ್ಲಿ ಬೇರೆ ಸರಕು ಹಾಕುವಂತಿಲ್ಲ. 1978ರ ಪ್ರಾಣಿ ಸಾಗಾಣಿಕೆ ನಿಯಮಗಳು ಕುದುರೆ ಲಾರಿಯ ವೇಗವನ್ನು ಗಂಟೆಗೆ 35 ಕಿ.ಮೀ.ಗೆ ಮಿತಿಗೊಳಿಸಿವೆ. ಎದುರು ವಾಹನಗಳಿಂದ ಪೆಟ್ಟಾಗದಂತೆ ಕುದುರೆಯ ತಲೆ ಎಡಕ್ಕಿರಬೇಕೆಂದೂ ಹೇಳಿವೆ. ಆದರೆ ನೆನಪಿಡಿ: ಜಾಗ ಸಾಕಾದ ಮಾತ್ರಕ್ಕೆ ತೂಕ ಸರಿಯೆಂದಲ್ಲ. ಎರಡನ್ನೂ ಬೇರೆ ಬೇರೆ ಅಳೆಯಬೇಕು.

ತೂಕಕ್ಕೆ ಇಷ್ಟು ಮಹತ್ವವೇಕೆ? ಹೊರೆ ಹೆಚ್ಚಿದಷ್ಟೂ ಬ್ರೇಕ್ ಒತ್ತಿದ ಮೇಲೆ ಲಾರಿ ನಿಲ್ಲಲು ಹೆಚ್ಚು ದೂರ ಬೇಕು. ಅಕ್ಕಿ ಮೂಟೆ ಇಟ್ಟಲ್ಲಿ ಇರುತ್ತದೆ. ಕುದುರೆ ನಿಂತೇ ಪ್ರಯಾಣಿಸುತ್ತದೆ, ಹೆದರಿದರೆ ಸರಿದಾಡುತ್ತದೆ. ಅದರ ಭಾರ ಎತ್ತರದಲ್ಲಿರುವುದರಿಂದ ತಿರುವಿನಲ್ಲಿ ಲಾರಿ ವಾಲುವ ಅಪಾಯವೂ ಹೆಚ್ಚು.

ಆದ್ದರಿಂದಲೇ ಎಫ್.ಸಿ., ಅಂದರೆ ವಾಹನದ ಅರ್ಹತಾ ಪತ್ರ. ಸಾರಿಗೆ ವಾಹನಕ್ಕೆ ಎಂಟು ವರ್ಷ ತುಂಬುವವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷವೂ ಪರೀಕ್ಷೆ ಆಗಬೇಕು. ಬ್ರೇಕ್, ಸ್ಟಿಯರಿಂಗ್, ಟೈರು, ದೀಪಗಳನ್ನು ಪರೀಕ್ಷಿಸುತ್ತಾರೆ. ವಾಹನದ ಮೈಕಟ್ಟನ್ನು ಬದಲಿಸುವುದಾದರೆ ಆರ್.ಟಿ.ಓ. ಒಪ್ಪಿಗೆ ಬೇಕು. ರಾಜಾಜಿನಗರ ಕಚೇರಿಯ ಕೆಎ-02 ಆಗಲಿ, ಕೆಂಗೇರಿಯ ಕೆಎ-41 ಆಗಲಿ, ನಿಯಮ ಒಂದೇ.

2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಲ್ಲಿ ಓವರ್‌ಲೋಡ್‌ಗೆ ರೂ. 20,000 ದಂಡ, ಹೆಚ್ಚುವರಿ ಟನ್ ಒಂದಕ್ಕೆ ಮತ್ತೆ ರೂ. 2,000. ಜೊತೆಗೆ ಹೆಚ್ಚಿನ ಹೊರೆಯನ್ನು ಇಳಿಸದೆ ವಾಹನ ಮುಂದೆ ಹೋಗುವಂತಿಲ್ಲ. ಮೂಟೆಯನ್ನಾದರೆ ರಸ್ತೆಬದಿಗೆ ಇಳಿಸಬಹುದು. ಬೆದರಿದ ಕುದುರೆಯನ್ನು ಇಳಿಸಿ ಎಲ್ಲಿ ಕಟ್ಟುತ್ತೀರಿ? ಹೊರಡುವ ಮೊದಲೇ ವೇ ಬ್ರಿಡ್ಜ್‌ನಲ್ಲಿ ಒಮ್ಮೆ ತೂಗಿಸುವುದು ಅದಕ್ಕಾಗಿಯೇ.

ನಿಮ್ಮ ಮನೆಯಲ್ಲಿ ಟೆಂಪೋ ಇದ್ದರೆ, ಇಂದೇ ಅದರ ಆರ್.ಸಿ. ತೆಗೆದು ಎರಡು ತೂಕಗಳನ್ನು ಓದಿ, ಕಳೆದು ನೋಡಿ. ಉತ್ತರ ನಿಮ್ಮನ್ನು ಬೆರಗುಗೊಳಿಸಬಹುದು.